ಥೇಮ್ಸ್ ಮೇಲಿನ ಮಿಲೇನಿಯಂ ಸೇತುವೆ ಓಲಾಡಿದ್ದೇಕೆ, ನಿಂತದ್ದು ಹೇಗೆ

ಲಂಡನ್ನಿನ ಮಿಲೇನಿಯಂ ಸೇತುವೆಯ ಮಾತು ಬಂದಾಗಲೆಲ್ಲ ಒಂದು ವಿವರಣೆ ತಪ್ಪದೆ ಕೇಳಿಬರುತ್ತದೆ: ಜನರೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರು, ಅದಕ್ಕೇ 2000ದಲ್ಲಿ ತೆರೆದ ದಿನವೇ ಸೇತುವೆ ಅಲುಗಾಡಿತು. ಹೈಸ್ಕೂಲಿನಲ್ಲಿ ಅನುರಣನೆಯ (ವಸ್ತುವಿನ ಸ್ವಂತ ಓಲಾಟದ ತಾಳಕ್ಕೆ ಹೊರಗಿನ ತಾಳ ಕೂಡಿದಾಗ ಓಲಾಟ ಹಿಗ್ಗುವುದು) ಪಾಠ ಮಾಡುವಾಗ ಹೇಳುವ, ಒಂದೇ ತಾಳದಲ್ಲಿ ಸೇತುವೆ ದಾಟುವ ಸೈನಿಕರ ಕವಾಯತಿನ ಉದಾಹರಣೆಯನ್ನೇ ಎತ್ತಿ ತಂದು ಇದಕ್ಕೂ ಅಂಟಿಸಿಬಿಡುತ್ತಾರೆ. ಕೇಳಲು ಸಲೀಸಾಗಿದೆ, ಆದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದೇ ಇಲ್ಲಿ ತಿರುವುಮುರುವಾಗಿದೆ. ನಿಜವಾದ ಕಾರಣ ಇನ್ನೂ ಸ್ವಾರಸ್ಯದ್ದು. ಅದು ಗೊತ್ತಾದರೆ ಆ ಸೇತುವೆಯ ಹೊಟ್ಟೆಯಡಿ ಕಾಣುವ ಒಂದೊಂದು ಕಬ್ಬಿಣದ ತುಂಡೂ ಅಲ್ಲೇಕಿದೆ ಎಂದು ತಿಳಿಯುತ್ತದೆ.

ಮೊದಲು ಜಾಗ. ಉತ್ತರ ದಡದಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್, ಅದರ ಸುತ್ತ ಬ್ಯಾಂಕು, ವಿಮೆ, ವಕೀಲಿಕೆಯ ಕಚೇರಿಗಳು ತುಂಬಿದ ಹಳೆಯ ‘ಸಿಟಿ’. ದಕ್ಷಿಣ ದಡದಲ್ಲಿ ಬ್ಯಾಂಕ್‌ಸೈಡ್. ಅಲ್ಲಿನ ವಿದ್ಯುತ್ ಸ್ಥಾವರ 1981ರಲ್ಲಿ ಮುಚ್ಚಿತು. ಆ ದೈತ್ಯ ಇಟ್ಟಿಗೆ ಕಟ್ಟಡ ವರ್ಷಗಟ್ಟಲೆ ಖಾಲಿ ನಿಂತಿದ್ದು, 2000ದ ಮೇ ತಿಂಗಳಲ್ಲಿ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯವಾಗಿ ತೆರೆಯಿತು. ಈ ಎರಡೂ ಎದುರುಬದುರು. ದನಿ ಎತ್ತಿ ಕೂಗಿದರೆ ಕೇಳಿಸೀತು ಅನ್ನುವಷ್ಟು ಹತ್ತಿರ. ಆದರೂ ದಾಟಬೇಕೆಂದರೆ ಮೇಲ್ಗಡೆಯ ಬ್ಲ್ಯಾಕ್‌ಫ್ರಯರ್ಸ್ ಸೇತುವೆಗೋ ಕೆಳಗಡೆಯ ಸದಕ್ ಸೇತುವೆಗೋ ಹೋಗಿ, ಬಸ್ಸು ಲಾರಿಗಳ ಪಕ್ಕದ ಫುಟ್‌ಪಾತಿನಲ್ಲಿ ನಡೆದು ಸುತ್ತಿ ಬರಬೇಕಿತ್ತು. 1894ರಲ್ಲಿ ಟವರ್ ಬ್ರಿಜ್ ಆದ ಮೇಲೆ ಲಂಡನ್ನಿನ ನಡುಭಾಗದಲ್ಲಿ ಹೊಸ ಜಾಗದಲ್ಲಿ ಥೇಮ್ಸ್ ದಾಟುವ ಸೇತುವೆ ಬಂದದ್ದು ಇದೇ ಮೊದಲು. ಅದೂ ನಡೆಯುವವರಿಗಾಗಿ ಮಾತ್ರ. ಕರಾವಳಿ, ಮಲೆನಾಡಿನವರ ಮಾತಿನಲ್ಲಿ ಹೇಳುವುದಾದರೆ ಒಂದು ಕಾಲುಸಂಕ, 1 ಕೋಟಿ 82 ಲಕ್ಷ ಪೌಂಡಿನ ಕಾಲುಸಂಕ.

ಕಟ್ಟುವವರಿಗೆ ಒಂದು ಕಟ್ಟುಪಾಡಿತ್ತು. ಸೇಂಟ್ ಪಾಲ್ಸ್ ಗುಮ್ಮಟದ ನೋಟಕ್ಕೆ ಏನೂ ಅಡ್ಡ ಬರಕೂಡದು. ಕೆಳಗೆ ದೋಣಿ, ಹಡಗು ಓಡಾಡಲು ಎತ್ತರವೂ ಬಿಡಬೇಕು. ಎಂಜಿನಿಯರಿಂಗ್ ಸಂಸ್ಥೆ ಅರೂಪ್, ವಾಸ್ತುಶಿಲ್ಪಿಗಳಾದ ಫಾಸ್ಟರ್ ಅಂಡ್ ಪಾರ್ಟ್ನರ್ಸ್, ಶಿಲ್ಪಿ ಆಂಥೊನಿ ಕ್ಯಾರೊ ಸೇರಿ ಇದಕ್ಕೆ ಕಂಡುಕೊಂಡ ದಾರಿ: ತೂಗುಸೇತುವೆ ಮಾಡೋಣ, ಆದರೆ ಹಗ್ಗವನ್ನು ಮೇಲೆತ್ತುವುದು ಬೇಡ.

ಸುಳ್ಯದ ಗಿರೀಶ್ ಭಾರದ್ವಾಜ್ ನಮ್ಮ ಹಳ್ಳಿಗಳಲ್ಲಿ ಕಟ್ಟಿದ ತೂಗುಸೇತುವೆಗಳನ್ನು ನೋಡಿದವರಿಗೆ ವ್ಯತ್ಯಾಸ ತಕ್ಷಣ ಹೊಳೆಯುತ್ತದೆ. ಅಲ್ಲಿ ಎರಡೂ ದಡದಲ್ಲಿ ಎತ್ತರದ ಕಂಬ, ಕಂಬದ ತುದಿಯಿಂದ ಚೆನ್ನಾಗಿ ಜೋತು ಬಿದ್ದ ಉಕ್ಕಿನ ಹಗ್ಗ, ಅದರಿಂದ ಇಳಿಬಿಟ್ಟ ಸರಳುಗಳು. ಸಾಮಾನ್ಯವಾಗಿ ಇಂಥ ಹಗ್ಗದ ಜೋಲು ಅಂಕಣದ (ಎರಡು ಆಸರೆಗಳ ನಡುವಿನ ಭಾಗದ) ಉದ್ದದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಮಿಲೇನಿಯಂ ಸೇತುವೆಯ ನಡುವಿನ ಅಂಕಣ 144 ಮೀಟರ್. ಆ ಲೆಕ್ಕದಲ್ಲಿ ಜೋಲು 14 ಮೀಟರ್ ಇರಬೇಕಿತ್ತು. ಇರುವುದು 2.3 ಮೀಟರ್ ಮಾತ್ರ. ಹಗ್ಗಗಳು ತಲೆಯ ಮೇಲೆ ಹೋಗುವುದಿಲ್ಲ, ನಡೆಯುವವರ ಎರಡೂ ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಹಾಗೆ ಹಾದುಹೋಗುತ್ತವೆ. ನಡು ಅಂಕಣದ ಮಧ್ಯಕ್ಕೆ ಬಂದಾಗ ಜನ ಕಾಲಿಡುವ ಹಾಸಿಗಿಂತಲೂ ಕೆಳಗೇ ಇಳಿಯುತ್ತವೆ.

ಇದಕ್ಕೆ ತೆರಬೇಕಾದ ಬೆಲೆ ಏನೆಂಬುದು ಬಟ್ಟೆ ಒಣಹಾಕುವ ತಂತಿ ಕಟ್ಟಿದವರಿಗೆಲ್ಲ ಗೊತ್ತು. ತಂತಿ ಸಡಿಲವಾಗಿ ಜೋತಿದ್ದರೆ ಗೋಡೆಯ ಮೊಳೆ ಸುಮ್ಮನಿರುತ್ತದೆ. ಒದ್ದೆ ಬೆಡ್‌ಶೀಟು ಹಾಕಿದರೂ ತಂತಿ ನೇರವಾಗಿಯೇ ಇರಲಿ ಎಂದು ಬಿಗಿದರೆ ಮೊಳೆ ಕಿತ್ತು ಬರುತ್ತದೆ. ಹೊರೆ ಅಷ್ಟೇ ಇದ್ದು ಜೋಲು ಆರನೇ ಒಂದಕ್ಕೆ ಇಳಿದರೆ ಎಳೆತ ಆರು ಪಟ್ಟು ಏರುತ್ತದೆ. ಹಾಗಾಗಿ ಇಲ್ಲಿ ಒಂದೊಂದು ಬದಿಗೆ ನಾಲ್ಕರಂತೆ 120 ಮಿಲಿಮೀಟರ್ ದಪ್ಪದ ಎಂಟು ಉಕ್ಕಿನ ಕೇಬಲ್‌ಗಳಿವೆ. ಅವು ದಡಗಳನ್ನು ಎಳೆಯುವ ಬಲ ಸುಮಾರು 2,000 ಟನ್. ಆ ‘ಮೊಳೆ’ ಕಿತ್ತು ಬಾರದಿರಲು ಉತ್ತರ ದಡದಲ್ಲಿ 12, ದಕ್ಷಿಣ ದಡದಲ್ಲಿ 16 ಕಾಂಕ್ರೀಟ್ ಪೈಲ್‌ಗಳನ್ನು ನೆಲಕ್ಕಿಳಿಸಿದ್ದಾರೆ. ಒಂದೊಂದರ ವ್ಯಾಸ 2.1 ಮೀಟರ್.

ಉಳಿದ ಭಾಗಗಳು ಸರಳ. ನದಿಯಲ್ಲಿ ಎರಡು ಕಂಬ, ಅವುಗಳ ತಲೆಯಲ್ಲಿ V ಆಕಾರದ ಉಕ್ಕಿನ ತೋಳು. ಅಂಕಣಗಳು ಮೂರು: ಉತ್ತರದ್ದು 81 ಮೀಟರ್, ನಡುವಿನದು 144, ದಕ್ಷಿಣದ್ದು 108. ಪ್ರತಿ 8 ಮೀಟರಿಗೊಂದು ಅಡ್ಡತೋಳು ಎರಡೂ ಬದಿಯ ಕೇಬಲ್‌ಗಳನ್ನು ಹಿಡಿದುಕೊಂಡಿದೆ. ಅಡ್ಡತೋಳುಗಳ ಮೇಲೆ ಉದ್ದಕ್ಕೆ ಎರಡು ಉಕ್ಕಿನ ಕೊಳವೆ, ಕೊಳವೆಗಳ ನಡುವೆ ಗೀರುಗೀರಾದ ಅಲ್ಯೂಮಿನಿಯಂ ಹಾಸು. ನಡೆಯುವ ಅಗಲ 4 ಮೀಟರ್. 5,000 ಜನ ಒಟ್ಟಿಗೆ ನಿಂತರೂ ಹೊರಬಲ್ಲ ಶಕ್ತಿ. ಈ ಶಕ್ತಿಯ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಸೇತುವೆ ಬೀಳುವ ಸ್ಥಿತಿಗೆ ಯಾವತ್ತೂ ಬಂದಿರಲಿಲ್ಲ.

2000ದ ಜೂನ್ 10ರಂದು ಸಾರ್ವಜನಿಕರಿಗೆ ತೆರೆದ ದಿನ 80 ಸಾವಿರದಿಂದ ಒಂದು ಲಕ್ಷ ಜನ ದಾಟಿದರು. ಒಂದೇ ಹೊತ್ತಿಗೆ ಸೇತುವೆಯ ಮೇಲೆ 2,000ದಷ್ಟು ಮಂದಿ ಇದ್ದ ಗಳಿಗೆಯೂ ಇತ್ತು. ಆಗ ಹಾಸು ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಮೇಲೆ ಕೆಳಗೆ ಅಲ್ಲ, ಅಡ್ಡಕ್ಕೆ. ದಕ್ಷಿಣದ ಅಂಕಣ 50 ಮಿಲಿಮೀಟರಿನಷ್ಟು, ನಡು ಅಂಕಣ 70 ಮಿಲಿಮೀಟರಿನಷ್ಟು ಸರಿಯಿತು. ಏಳು ಸೆಂಟಿಮೀಟರ್ ಎಂದರೆ ಅಂಗೈ ಅಗಲವೂ ಇಲ್ಲ. ಆದರೆ ಕಾಲಡಿಯ ನೆಲವೇ ಅಷ್ಟು ಜಾರಿದರೆ ನಡಿಗೆ ನಿಂತುಹೋಗುತ್ತದೆ. ಜನ ಕಟಾಂಜನ ಹಿಡಿದು ನಿಂತರು. ನಿಂತ ಮೇಲೆ ಓಲಾಟವೂ ಇಳಿಯಿತು. ಮತ್ತೆ ನಡೆದಾಗ ಮತ್ತೆ ಶುರುವಾಯಿತು. ಒಳಗೆ ಬಿಡುವ ಜನರ ಸಂಖ್ಯೆ ಕಡಿಮೆ ಮಾಡಿ ನೋಡಿದರು, ಕೊನೆಗೆ ಜೂನ್ 12ರಂದು ಮುಚ್ಚಿದರು. ಲಂಡನ್ನಿನ ಜನರ ಬಾಯಲ್ಲಿ ‘ವಾಬ್ಲಿ ಬ್ರಿಜ್’ ಅನ್ನುವ ಹೆಸರು ಉಳಿದುಕೊಂಡಿತು.

ಈಗ ಕಾರಣಕ್ಕೆ ಬರೋಣ. ಮನುಷ್ಯ ಸಾಧಾರಣವಾಗಿ ಸೆಕೆಂಡಿಗೆ ಎರಡು ಹೆಜ್ಜೆ ಇಡುತ್ತಾನೆ. ಪ್ರತಿ ಹೆಜ್ಜೆಗೂ ನೆಲವನ್ನು ಕೆಳಕ್ಕೆ ಒತ್ತುವುದರಿಂದ ಮೇಲೆ ಕೆಳಗಿನ ಬಲದ ಆವರ್ತನ 2 ಹರ್ಟ್ಸ್, ಎಂದರೆ ಸೆಕೆಂಡಿಗೆ ಎರಡು ಸಲ. ಸೇತುವೆ ವಿನ್ಯಾಸ ಮಾಡುವವರೆಲ್ಲ ಇದನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು, ಇಲ್ಲೂ ಹಿಡಿದಿದ್ದರು. ಆದರೆ ನಡೆಯುವಾಗ ಮೈ ಎಡಗಾಲಿನಿಂದ ಬಲಗಾಲಿಗೆ ವಾಲುತ್ತದೆಯಲ್ಲ, ಅದರಿಂದ ಅಡ್ಡಬಲವೂ ಹುಟ್ಟುತ್ತದೆ. ಎಡ ಬಲ ಸೇರಿದರೆ ಒಂದು ಸುತ್ತು, ಹಾಗಾಗಿ ಅದರ ಆವರ್ತನ ಅರ್ಧ, 1 ಹರ್ಟ್ಸ್. 75 ಕಿಲೋ ತೂಕದ ಮನುಷ್ಯನ ಅಡ್ಡಬಲ ಸುಮಾರು 25 ನ್ಯೂಟನ್, ಎಂದರೆ ಎರಡೂವರೆ ಕಿಲೋ ಅಕ್ಕಿಚೀಲದ ಭಾರದಷ್ಟು. ಇಷ್ಟು ಚಿಕ್ಕದು, ಅದೂ ಸಾವಿರ ಜನ ಸಾವಿರ ತಾಳದಲ್ಲಿ ನಡೆಯುವಾಗ ಒಬ್ಬರದನ್ನು ಇನ್ನೊಬ್ಬರದು ಕಳೆದುಹಾಕುತ್ತದೆ ಎಂದುಕೊಂಡಿದ್ದರು. ಆಗಿನ ನಿಯಮಾವಳಿಗಳಲ್ಲೂ ಈ ಅಪಾಯದ ಎಚ್ಚರಿಕೆ ಇರಲಿಲ್ಲ.

ಸೇತುವೆಯ ಸ್ವಂತ ಅಡ್ಡ ಓಲಾಟದ ಆವರ್ತನಗಳು ಹೀಗಿದ್ದವು: ದಕ್ಷಿಣ ಅಂಕಣ 0.8 ಹರ್ಟ್ಸ್, ನಡು ಅಂಕಣ 0.5 ಮತ್ತು 1ರ ಹತ್ತಿರ, ಉತ್ತರ ಅಂಕಣ 1ಕ್ಕಿಂತ ತುಸು ಮೇಲೆ. 1 ಹರ್ಟ್ಸ್ ನಡಿಗೆಯೊಂದಿಗೆ ಇವು ಹೊಂದಿಕೊಳ್ಳುತ್ತವೆ, ಹಾಗಾದರೆ ಅನುರಣನೆಯೇ ಅಲ್ಲವೆ ಎಂದು ಕೇಳಬಹುದು. ಇಲ್ಲೇ ಆ 0.5 ಹರ್ಟ್ಸ್ ಅನ್ನು ಗಮನಿಸಬೇಕು. ಹೆಜ್ಜೆಯ ತಾಳದಿಂದಲೇ ಅದು ಎದ್ದಿತು ಅನ್ನಬೇಕಾದರೆ ಜನ ಸೆಕೆಂಡಿಗೆ ಒಂದೇ ಹೆಜ್ಜೆ ಇಡಬೇಕು. ಅಷ್ಟು ನಿಧಾನಕ್ಕೆ ಯಾರು ನಡೆಯುತ್ತಾರೆ? ಆದರೂ ನಡು ಅಂಕಣ ಆ ಆವರ್ತನದಲ್ಲೂ ಓಲಾಡಿತ್ತು.

ತುಂಬಿದ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ್ದನ್ನು ನೆನಪಿಸಿಕೊಳ್ಳಿ. ಬಸ್ಸು ಎಡಕ್ಕೆ ವಾಲಿದರೆ ನೀವು ಯೋಚಿಸದೆಯೇ ಕಾಲು ಅಗಲಿಸಿ, ಆ ಕಡೆಗೆ ಪಾದ ಊರಿ ಮೈ ಸಾವರಿಸಿಕೊಳ್ಳುತ್ತೀರಿ. ನಡೆಯುವವರೂ ಇದನ್ನೇ ಮಾಡುತ್ತಾರೆ. ಹಾಸು ಕೂದಲೆಳೆಯಷ್ಟು ಸರಿದರೂ ಮುಂದಿನ ಪಾದ ಎಲ್ಲಿ ಬೀಳಬೇಕೆಂಬುದು ಅಷ್ಟೇ ಸೂಕ್ಷ್ಮವಾಗಿ ಬದಲಾಗುತ್ತದೆ. ಹಾಗೆ ಪಾದ ಊರಿದಾಗ ಹುಟ್ಟುವ ಬಲವನ್ನು ಹಲವು ಹೆಜ್ಜೆಗಳ ಮೇಲೆ ಸರಾಸರಿ ತೆಗೆದರೆ, ಅದು ಹಾಸು ಹೋಗುತ್ತಿರುವ ದಿಕ್ಕಿಗೇ ದೂಡುತ್ತಿರುತ್ತದೆ. ಜೋಕಾಲಿ ಹಿಂದಿನಿಂದ ಮುಂದಕ್ಕೆ ಹೊರಟಾಗಲೇ ನೂಕಿದ ಹಾಗೆ. ಇದಕ್ಕೆ ಎಲ್ಲರೂ ಒಂದೇ ತಾಳದಲ್ಲಿ ನಡೆಯಬೇಕಿಲ್ಲ. ತಮ್ಮ ತಮ್ಮ ಪಾಡಿಗೆ ನಡೆದು, ತಮ್ಮ ತಮ್ಮ ಮೈ ಸಾವರಿಸಿಕೊಂಡರೆ ಸಾಕು. ಓಲಾಟ ದೊಡ್ಡದಾದ ಮೇಲೆ ಅದಕ್ಕೆ ಹೆಜ್ಜೆ ಹೊಂದಿಸಿಕೊಳ್ಳುವವರು ಇರುತ್ತಾರೆ, ಅದು ಆಮೇಲಿನ ಮಾತು. ತಾಳ ಕೂಡದೆಯೂ ಸೇತುವೆ ಅಸ್ಥಿರವಾಗಬಲ್ಲದು ಎಂಬುದನ್ನು ಲೆಕ್ಕ ಸಮೇತ ತೋರಿಸಿದ ಸಂಶೋಧನಾ ಲೇಖನ 2021ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂತು. ‘ಸೈನಿಕರ ಕವಾಯತು’ ವಿವರಣೆಯನ್ನು ಇನ್ನಾದರೂ ಪಾಠಗಳಿಂದ ತೆಗೆಯಬೇಕು. ಇದೇ ಥೇಮ್ಸ್ ಮೇಲೆ, ಇನ್ನೂ ಪಶ್ಚಿಮಕ್ಕಿರುವ ಹಳೆಯ ಆಲ್ಬರ್ಟ್ ಸೇತುವೆಯಲ್ಲಿ ‘ಸೈನಿಕರು ಹೆಜ್ಜೆಯ ತಾಳ ಮುರಿದು ನಡೆಯಬೇಕು’ ಎಂಬ ಫಲಕ ಇವತ್ತಿಗೂ ಇದೆ. ಆ ಸೇತುವೆಗೆ ಅದು ಸರಿಯಾದ ಎಚ್ಚರಿಕೆ. ಮಿಲೇನಿಯಂ ಸೇತುವೆಗೆ ಅಂಥ ಫಲಕ ಹಾಕಿದ್ದರೂ ಏನೂ ಪ್ರಯೋಜನ ಆಗುತ್ತಿರಲಿಲ್ಲ.

ಅರೂಪ್‌ನವರು ಸೌತಾಂಪ್ಟನ್ ವಿಶ್ವವಿದ್ಯಾಲಯ ಮತ್ತು ಇಂಪೀರಿಯಲ್ ಕಾಲೇಜಿನಲ್ಲಿ ಅಲುಗಾಡುವ ಹಲಗೆಯ ಮೇಲೆ ಜನರನ್ನು ನಡೆಸಿ ಅಳತೆ ಮಾಡಿಸಿದರು. 2000ದ ಕೊನೆಯಲ್ಲಿ ತಮ್ಮ ಸಿಬ್ಬಂದಿಯನ್ನೇ ಸೇತುವೆಯ ಮೇಲೆ ಸುತ್ತು ಹಾಕಿಸಿ, ಒಂದಿಷ್ಟು ಒಂದಿಷ್ಟಾಗಿ ಸಂಖ್ಯೆ ಏರಿಸುತ್ತಾ ಹೋದರು. ಉತ್ತರ ಅಂಕಣದಲ್ಲಿ 150 ಜನರವರೆಗೂ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 160 ದಾಟಿ ಇನ್ನು ಕೆಲವರು ಸೇರಿದ್ದೇ ತಡ, ಓಲಾಟ ಬೆಳೆಯುತ್ತಲೇ ಹೋಯಿತು. ಈ ಸಮಸ್ಯೆಯ ನಿಜವಾದ ಅಪಾಯ ಇರುವುದು ಇಲ್ಲೇ. ಜನ ಇಮ್ಮಡಿಯಾದರೆ ಓಲಾಟ ಇಮ್ಮಡಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಗಡಿಯವರೆಗೆ ಸೇತುವೆ ಸುಮ್ಮನಿರುತ್ತದೆ, ಗಡಿ ದಾಟಿದೊಡನೆ ಕೈಮೀರುತ್ತದೆ. ಮುನ್ಸೂಚನೆ ಇಲ್ಲ.

ಗಡಿ ಎಲ್ಲಿಂದ ಬಂತು? ಯಾವುದೇ ಸೇತುವೆಗೆ ಅಲುಗಾಟವನ್ನು ತಾನೇ ನುಂಗಿಕೊಳ್ಳುವ ಗುಣ ಸ್ವಲ್ಪ ಇರುತ್ತದೆ. ಎಂಜಿನಿಯರುಗಳು ಡ್ಯಾಂಪಿಂಗ್ ಅನ್ನುವುದು ಇದಕ್ಕೆ. ಬೆಸುಗೆ ಹಾಕಿದ ಹಗುರ ಉಕ್ಕಿನ ಸೇತುವೆಯಲ್ಲಿ ಅದು ತೀರಾ ಕಡಿಮೆ. ಓಲಾಟವೇ ಏಳದಂತೆ ತಡೆಯುವಷ್ಟು ಡ್ಯಾಂಪಿಂಗನ್ನು ನೂರು ಎಂದು ಹಿಡಿದರೆ ಇಲ್ಲಿ ಶೇ. 1ಕ್ಕೂ ಕಡಿಮೆ ಇತ್ತು. ನಡೆಯುವ ಒಬ್ಬೊಬ್ಬರೂ ಅದರಿಂದ ಒಂದು ಚೂರು ಕಳೆಯುತ್ತಾರೆ. ಹಾಸು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸರಿದರೆ ತಲಾ 300 ನ್ಯೂಟನ್ ಅನ್ನುವ ಪ್ರಮಾಣದಲ್ಲಿ ಜನ ಬಲ ಕೊಡುತ್ತಾರೆ ಎಂದು ಅರೂಪ್ ಅಳೆದಿತ್ತು. ಕಳೆಯುತ್ತಾ ಕಳೆಯುತ್ತಾ ಬುಟ್ಟಿ ಬರಿದಾದ ಕ್ಷಣವೇ ಆ ಗಡಿ. ಸೇತುವೆಯ ತೂಕ ಹೆಚ್ಚಿದ್ದರೆ ಗಡಿ ಮೇಲೇರುತ್ತದೆ, ಡ್ಯಾಂಪಿಂಗ್ ಹೆಚ್ಚಿದ್ದರೂ ಮೇಲೇರುತ್ತದೆ. ಡ್ಯಾಂಪಿಂಗ್ ಹತ್ತು ಪಟ್ಟು ಮಾಡಿದರೆ ಹತ್ತು ಪಟ್ಟು ಜನ ನಡೆಯಬಹುದು.

ಹಗ್ಗಗಳ ವಿಚಿತ್ರ ಆಕಾರವೇ ತಪ್ಪು ಎಂದು ಆಗ ಹಲವರು ದೂರಿದ್ದರು. ಅದು ಸರಿಯಲ್ಲ. 1975ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಹಾರ್ಬರ್ ಸೇತುವೆ, ವಾಹನಗಳಿಗೆಂದೇ ಕಟ್ಟಿದ ಭಾರಿ ಉಕ್ಕಿನ ಸೇತುವೆ, ಮೆರವಣಿಗೆಯ ಜನಕ್ಕೆ ಅಡ್ಡ ಓಲಾಡಿತ್ತು. ಜಪಾನಿನ ಟೋಡಾದಲ್ಲಿ ದೋಣಿ ಪಂದ್ಯ ನೋಡಿ ಮರಳುವ ಜನ ಒಂದು ಕಾಲುಸೇತುವೆಯನ್ನು ಹೀಗೇ ಅಲುಗಾಡಿಸಿದ್ದರು. 1999ರಲ್ಲಿ ಪ್ಯಾರಿಸ್ಸಿನ ಸೋಲ್ಫೆರಿನೊ ಕಾಲುಸೇತುವೆಗೂ ಇದೇ ಗತಿಯಾಗಿತ್ತು. ಉದ್ದದ, ಹಗುರದ, ಅಡ್ಡಕ್ಕೆ ಮೆದುವಾದ ಯಾವ ಸೇತುವೆಗೂ ಇದು ಬರಬಹುದು.

ಪರಿಹಾರಕ್ಕೆ ಮೂರು ದಾರಿ ಇದ್ದವು. ಜನರ ಸಂಖ್ಯೆಗೆ ಮಿತಿ ಹಾಕುವುದು ಒಂದು. ಊರಿನ ನಡುವೆ ಜನ ನಡೆಯಲೆಂದೇ ಕಟ್ಟಿದ ಸೇತುವೆಗೆ ಇದು ಒಪ್ಪತಕ್ಕ ಮಾತಲ್ಲ. ಎರಡನೆಯದು ಸೇತುವೆಯನ್ನು ಅಡ್ಡಕ್ಕೆ ಗಟ್ಟಿ ಮಾಡಿ ಆವರ್ತನವನ್ನೇ ಮೇಲೇರಿಸುವುದು. ಆದರೆ ಆವರ್ತನ ಗಡಸುತನದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 0.5ರಿಂದ 1.5 ಹರ್ಟ್ಸಿಗೆ ಒಯ್ಯಬೇಕಾದರೆ ಒಂಬತ್ತು ಪಟ್ಟು ಗಡಸಾಗಬೇಕು. ಅಷ್ಟು ಉಕ್ಕು ಸೇರಿಸಿದರೆ ಅದು ಬೇರೆಯೇ ಸೇತುವೆಯಾಗುತ್ತದೆ. ಮೂರನೆಯದು ಡ್ಯಾಂಪಿಂಗ್ ಸೇರಿಸುವುದು. ಅದನ್ನೇ ಆಯ್ದುಕೊಂಡರು, ಸರಿಯಾಗಿಯೇ ಆಯ್ದುಕೊಂಡರು.

ಹಾಕಿದ್ದು ಎರಡು ಬಗೆಯ ಸಲಕರಣೆ. ಮೊದಲನೆಯದು 37 ದ್ರವ ಡ್ಯಾಂಪರ್. ಬೈಕಿನ ಶಾಕ್ ಅಬ್ಸಾರ್ಬರ್ ನೋಡಿದ್ದರೆ ತತ್ವ ಗೊತ್ತಿದ್ದಂತೆಯೇ: ಕೊಳವೆಯೊಳಗೆ ದ್ರವ, ಅದರಲ್ಲಿ ಪಿಸ್ಟನ್, ಸಣ್ಣ ರಂಧ್ರದಲ್ಲಿ ದ್ರವ ನುಸುಳುವಾಗ ಓಲಾಟದ ಶಕ್ತಿ ಬಿಸಿಯಾಗಿ ಕರಗುತ್ತದೆ. ತೊಡಕು ಏನೆಂದರೆ ಡ್ಯಾಂಪರಿಗೆ ಎರಡು ತುದಿ ಬೇಕು, ಒಂದು ಅಲುಗುವಾಗ ಇನ್ನೊಂದು ಸ್ಥಿರವಾಗಿರಬೇಕು. ನದಿಯ ನಡುವೆ ಸ್ಥಿರ ಬಿಂದು ಎಲ್ಲಿಂದ ತರುವುದು? 16 ಡ್ಯಾಂಪರುಗಳಿಗೆ ಕಂಬಗಳೇ ಆಸರೆ. 4 ಡ್ಯಾಂಪರು ದಡದ ಕಡೆ ನೆಲಕ್ಕೆ ಕಟ್ಟಿದವು. ಉಳಿದ 17ಕ್ಕೆ ಹಾಸಿನ ಕೆಳಗೆ ಮಲಗಿಸಿದ V ಆಕಾರದ ಉಕ್ಕಿನ ಚೌಕಟ್ಟುಗಳನ್ನು ಕಟ್ಟಿ, V ಕೂಡುವ ಮೂತಿಯಲ್ಲಿ ಡ್ಯಾಂಪರ್ ಕೂರಿಸಿದರು. ಸೇತುವೆ ಅಡ್ಡಕ್ಕೆ ಬಿಲ್ಲಿನಂತೆ ಬಾಗಿದಾಗ ಪಕ್ಕಪಕ್ಕದ ಭಾಗಗಳು ಒಂದಕ್ಕೊಂದು ತುಸು ಸರಿಯುತ್ತವೆ. ಆ ಸರಿತವನ್ನು V ಚೌಕಟ್ಟು ತನ್ನ ಮೂತಿಗೆ ತಂದು ಡ್ಯಾಂಪರಿಗೆ ಉಣಿಸುತ್ತದೆ. ಮೇಲಿನಿಂದ ಏನೂ ಕಾಣದು. ಸೇತುವೆಯ ಅಂದ ಒಂದಿಷ್ಟೂ ಕೆಟ್ಟಿಲ್ಲ.

ಈ ಡ್ಯಾಂಪರುಗಳು ಬಜಾರಿನ ಮಾಲಲ್ಲ. ಮಾಮೂಲಿ ರಬ್ಬರ್ ಸೀಲಿನ ಘರ್ಷಣೆಯಿಂದಾಗಿ ಪಿಸ್ಟನ್ ಸಣ್ಣ ಚಲನೆಗೆ ಜಪ್ಪಯ್ಯ ಅನ್ನುವುದಿಲ್ಲ, ದೊಡ್ಡದಾದ ಮೇಲಷ್ಟೇ ಕದಲುತ್ತದೆ. ಇಲ್ಲಿ ಬೇಕಾದದ್ದು ತದ್ವಿರುದ್ಧ. ಕಾಲಿಗೆ ಅಲುಗಾಟ ತಿಳಿಯುವ ಮೊದಲೇ ಡ್ಯಾಂಪರು ಕೆಲಸ ಶುರು ಮಾಡಬೇಕು. ಅದಕ್ಕಾಗಿ ಸೀಲಿನ ಬದಲು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಲೋಹದ ಬೆಲ್ಲೋಸ್ ಬಳಸಿದ್ದಾರೆ. ಉಜ್ಜಾಟವಿಲ್ಲ, ದ್ರವ ಸೋರುವ ಭಯವೂ ಇಲ್ಲ.

ಎರಡನೆಯ ಬಗೆ ಸ್ಪ್ರಿಂಗುಗಳ ಮೇಲೆ ಕೂತ ಭಾರದ ಉಕ್ಕಿನ ಗುಂಡುಗಳು, ಮೇಲೆ ಕೆಳಗಿನ ಕಂಪನಕ್ಕೆಂದು 52. ಸೇತುವೆ ಮೇಲೇಳುವಾಗ ಗುಂಡು ಹಿಂದುಳಿದು ಕೆಳಕ್ಕೆ ಎಳೆಯುವಂತೆ ಸ್ಪ್ರಿಂಗನ್ನು ಶ್ರುತಿ ಮಾಡಿರುತ್ತಾರೆ. ಇವುಗಳ ದೌರ್ಬಲ್ಯವೂ ಅದೇ ಶ್ರುತಿ. ಜನ ಹೆಚ್ಚು ಕಡಿಮೆಯಾದರೆ ಸೇತುವೆಯ ಆವರ್ತನ ಬದಲಾಗುತ್ತದೆ, ಶ್ರುತಿ ತಪ್ಪಿದ ಗುಂಡು ಬರೀ ಹೊರೆ. ದ್ರವ ಡ್ಯಾಂಪರಿಗೆ ಆ ರಗಳೆ ಇಲ್ಲ. ಅಡ್ಡ ಓಲಾಟದ ಮುಖ್ಯ ಹೊಣೆಯನ್ನು ದ್ರವ ಡ್ಯಾಂಪರಿಗೇ ವಹಿಸಿದ್ದು ಇದರಿಂದಲೇ.

ಖರ್ಚು ಇನ್ನೊಂದು 50 ಲಕ್ಷ ಪೌಂಡ್. 2002ರ ಜನವರಿ 30ರಂದು 2,000 ಜನರನ್ನು ನಡೆಸಿ ನೋಡಿ, ಫೆಬ್ರುವರಿ 22ರಂದು ಮತ್ತೆ ತೆರೆದರು. ಅಡ್ಡ ಓಲಾಟದ ಡ್ಯಾಂಪಿಂಗ್ ಶೇ. 1ರ ಕೆಳಗಿನಿಂದ 15-20ಕ್ಕೆ ಏರಿತ್ತು. ಅರೂಪ್ ತನ್ನ ಅಳತೆ, ಲೆಕ್ಕಗಳನ್ನೆಲ್ಲ ಬಚ್ಚಿಡದೆ ಪ್ರಕಟಿಸಿತು. ಇದು ನನಗೆ ಸೇತುವೆಯಷ್ಟೇ ಮುಖ್ಯವಾಗಿ ಕಾಣುತ್ತದೆ. ಇವತ್ತು ಬ್ರಿಟನ್ನಿನಲ್ಲಿ ಕಾಲುಸೇತುವೆ ವಿನ್ಯಾಸ ಮಾಡುವವರು 1.5 ಹರ್ಟ್ಸಿಗಿಂತ ಕೆಳಗೆ ಅಡ್ಡ ಆವರ್ತನ ಇದೆಯೇ ಎಂದು ನೋಡಲೇಬೇಕು, ಇದ್ದರೆ ಡ್ಯಾಂಪಿಂಗ್ ಸಾಲುತ್ತದೆಯೇ ಎಂದು ಲೆಕ್ಕ ಒಪ್ಪಿಸಲೇಬೇಕು.

ಲಂಡನ್ನಿಗೆ ಹೋದವರು ಬರೀ ಸೇತುವೆಯ ಮೇಲೆ ಫೋಟೋ ತೆಗೆಸಿಕೊಂಡು ಬರಬೇಡಿ. ದಕ್ಷಿಣ ದಡದಲ್ಲಿ ಟೇಟ್ ಮಾಡರ್ನ್ ಎದುರು ಇಳಿದು, ಸೇತುವೆಯ ಅಡಿ ನಿಂತು ತಲೆ ಎತ್ತಿ. V ಚೌಕಟ್ಟುಗಳ ಸಾಲು ಕಾಣುತ್ತದೆ. ಇಳಿತದ ಹೊತ್ತಾದರೆ ಕಂಬಗಳ ಬುಡವೂ ಚೆನ್ನಾಗಿ ಕಾಣುತ್ತದೆ, ಥೇಮ್ಸಿನ ಉಬ್ಬರ ಇಳಿತದ ಅಂತರ ಇಲ್ಲಿ ಏಳು ಮೀಟರಿನವರೆಗೂ ಇರುತ್ತದೆ. ಹಾಗೇ ದಕ್ಷಿಣ ದಡ ಹಿಡಿದು ಪಶ್ಚಿಮಕ್ಕೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನಡೆದರೆ ಲ್ಯಾಂಬೆತ್ ಸೇತುವೆಯ ಆಚೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಇಡೀ ದಾರಿ ನಡೆಯುವವರದು. ಬ್ಯಾಂಕ್‌ಸೈಡಿಗೆ ಇಷ್ಟು ಜನ ಬರುವಂತಾದದ್ದಕ್ಕೆ ಟೇಟ್ ಎಷ್ಟು ಕಾರಣವೋ ಸೇಂಟ್ ಪಾಲ್ಸ್ ಮೆಟ್ಟಿಲಿನಿಂದ ನೇರ ಕರೆತರುವ ಈ ಸೇತುವೆಯೂ ಅಷ್ಟೇ ಕಾರಣ ಎಂದು ನನ್ನ ಎಣಿಕೆ. ಅಲ್ಯೂಮಿನಿಯಂ ಗೀರುಗಳಲ್ಲಿ ಜನ ಉಗಿದ ಚೂಯಿಂಗ್ ಗಮ್ ಮೆತ್ತಿಕೊಂಡಿರುತ್ತದೆ. ಬಗ್ಗಿ ನೋಡಿದರೆ ಅವುಗಳಲ್ಲಿ ಕೆಲವು ಉಗುರಿನಗಲದ ಬಣ್ಣದ ಚಿತ್ರಗಳು. ಕಲಾವಿದರೊಬ್ಬರು ನೆಲದ ಮೇಲೆ ಮಲಗಿ ಬರೆದವು.

ಸೇತುವೆಯ ನಿರ್ವಹಣೆ ಸಿಟಿ ಬ್ರಿಜ್ ಫೌಂಡೇಷನ್ ಎಂಬ ದತ್ತಿಯದು. ಹಳೆಯ ಲಂಡನ್ ಸೇತುವೆಯ ಸುಂಕ, ಬಾಡಿಗೆ, ದಾನಗಳಿಂದ ಶತಮಾನಗಟ್ಟಲೆ ಬೆಳೆದ ಗಂಟು ಅದರದು. ಟವರ್ ಬ್ರಿಜ್ ಸೇರಿ ಐದು ಸೇತುವೆಗಳನ್ನು ಅದು ತೆರಿಗೆದಾರರ ದುಡ್ಡು ಮುಟ್ಟದೆ ನೋಡಿಕೊಳ್ಳುತ್ತದೆ. 2023ರ ಅಕ್ಟೋಬರಿನಲ್ಲಿ ಮೂರು ವಾರದಷ್ಟು ಸೇತುವೆ ಮುಚ್ಚಿ, ಹಾಸನ್ನು ತೊಳೆದು, ಸೇತುವೆಯ ಭಾಗಗಳ ನಡುವಿನ ಪದರವನ್ನು ಬದಲಾಯಿಸಿದರು. ಕೆಲಸಗಾರರು ಸೇತುವೆಯ ಅಡಿಯಲ್ಲಿದ್ದಾಗ ದೋಣಿಗಳಿಗೆ ಸಿಗುವ ಎತ್ತರ ಕಡಿಮೆಯಾಗುತ್ತದೆ. ಹಾಗಾದಾಗ ಹಗಲಲ್ಲಿ ದೂರಕ್ಕೆ ಕಾಣುವಂಥ ಒಣಹುಲ್ಲಿನ ಕಟ್ಟನ್ನು, ರಾತ್ರಿ ಬಿಳಿ ದೀಪವನ್ನು ಅಂಕಣದ ನಡುವಿನಿಂದ ಇಳಿಬಿಡಬೇಕೆಂದು ಥೇಮ್ಸಿನ ನಿಯಮ ಇದೆ. ಹಾಗೆಯೇ ಮಾಡಿದರು. 120 ಮಿಲಿಮೀಟರ್ ಕೇಬಲ್, ಲೋಹದ ತಿದಿಯ ಡ್ಯಾಂಪರುಗಳ ಕೆಳಗೆ, ದೋಣಿಯವರಿಗೆ ಕಾಣುವ ಹಾಗೆ, ಹಗ್ಗದಲ್ಲಿ ಕಟ್ಟಿದ ಒಂದು ಹೊರೆ ಹುಲ್ಲು.